ಊರು ನೆನಪಾಗುತ್ತೆ ಅನ್ನೋರಿಗೆ



ಪಟ್ಟಣಕ್ಕೆ ಬಂದು ಎರಡು ವರ್ಷ ಆಗುವಷ್ಟರಲ್ಲಿ ಓದೋ ಹುಡುಗರಿಗೆ ಒಂದು ಕಾಯಿಲೆ ಹತ್ತಿಕೊಳ್ಳುತ್ತೆ. ಹಳ್ಳಿಯ ಮೇಲೆ ಪದ್ಯ ಬರೆಯೋ ಕಾಯಿಲೆ. ಯಾವ ಕಾಲೇಜಿನ ವಾರ್ಷಿಕ ಸಂಚಿಕೆಯನ್ನಾದರೂ ತೆಗೆದು ನೋಡಿ, ಹತ್ತು ಪದ್ಯ ಇದ್ದರೆ ನಾಲ್ಕು ಹಳ್ಳಿಯ ಮೇಲೆ. ಅರಳಿಕಟ್ಟೆ ಇದೆ. ಕೆರೆ ಏರಿ ಇದೆ. ಸಂಜೆ ಮನೆಗೆ ಬರುವ ದನದ ಕೊರಳ ಗಂಟೆ ಇದೆ. ದನ ಎಬ್ಬಿಸಿದ ಧೂಳು ಕೂಡ ಚಿನ್ನದ ಬಣ್ಣಕ್ಕೆ ತಿರುಗಿದೆ. ಆ ದನ ಕಾಯುತ್ತಿದ್ದ ಹುಡುಗ ಮಾತ್ರ ಪದ್ಯದಲ್ಲಿ ಎಲ್ಲೂ ಇಲ್ಲ. ಯಾಕೆ ಅಂದರೆ ಅವನು ಈಗ ನಮ್ಮ ಹಾಸ್ಟೆಲ್ಲಿನಲ್ಲಿ ಇದ್ದಾನೆ. ದುಃಖದ ಸಂಗತಿ ಏನಪ್ಪಾ ಅಂದರೆ, ಆ ನಾಲ್ಕರಲ್ಲಿ ಒಂದು ಪದ್ಯ ಅವನೇ ಬರೆದಿದ್ದಾನೆ.

ಪದ್ಯ ತಾನೇ, ಬರೆದುಕೊಂಡರೆ ಯಾರಿಗೇನು ನಷ್ಟ ಅಂತೀರಾ? ನಷ್ಟ ಇದೆ. ಸುಳ್ಳು ನೆನಪು ಇಟ್ಟುಕೊಂಡವನು ನಿಜವಾದ ಲೆಕ್ಕ ಕೇಳೋದಿಲ್ಲ. ಅಷ್ಟೇ ನನ್ನ ವಾದ. ಅದನ್ನು ಬಿಡಿಸಿ ಹೇಳೋದಕ್ಕೆ ಈ ನಾಲ್ಕು ಪುಟ.

ಮೊದಲು 'ಊರು' ಅನ್ನೋ ಮಾತನ್ನೇ ತಗೊಳ್ಳಿ. ಬೆಳಿಗ್ಗೆ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ಊರೊಳಕ್ಕೆ ಹೋಗ್ಬತ್ತೀನಿ ಕಣ್ಲಾ ಮಗ, ಗಂಜಿ ಐತೆ, ಕುಡ್ಕೊ" ಅಂತಿದ್ದಳು. ಊರೊಳಕ್ಕೆ ಹೋಗೋದು ಅಂದರೆ ಏನು? ನಾವು ಇದ್ದದ್ದು ಎಲ್ಲಿ ಹಾಗಾದರೆ? ಇನ್ನೂರು ಮಾರು ಆಚೆ, ಕೇರಿಯಲ್ಲಿ. ನಮ್ಮ ಅವ್ವಂದಿರು ನಿಘಂಟು ಓದಿದವರಲ್ಲ. ಆದರೂ 'ಊರು' ಅನ್ನೋ ಪದದ ಒಳಗೆ ತಾವಿಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ 'ಊರುಕೇರಿ' ಅಂತ ಹೆಸರಿಟ್ಟರು. ಊರು ಒಂದು, ಕೇರಿ ಇನ್ನೊಂದು. ಬಿ.ಎ., ಎಂ.ಎ. ಓದಿದ ನಾವು ಮಾತ್ರ ಎರಡನ್ನೂ ಕಲಸಿ "ನಮ್ಮೂರು ನಮ್ಮೂರು" ಅಂತ ಎದೆ ತಟ್ಟಿಕೊಳ್ತೀವಿ. ಊರಿನವರು ಎಂದಾದರೂ ನಮ್ಮನ್ನು "ನಮ್ಮೂರೋರು" ಅಂದಿದ್ದಾರಾ, ಓಟಿನ ದಿನ ಬಿಟ್ಟು?

ನಾನು ಬಿ.ಎ. ಓದುತ್ತಿದ್ದ ಕಾಲೇಜಿನಲ್ಲಿ ಒಂದು ಜಾನಪದ ಉತ್ಸವ ಮಾಡಿದರು. ಮೈದಾನದಲ್ಲಿ ಒಂದು ಹಳ್ಳಿಯನ್ನೇ ಕಟ್ಟಿದ್ದರು. ತೆಂಗಿನ ಗರಿಯ ಗುಡಿಸಲು, ರಟ್ಟಿನ ಬಾವಿ, ರಟ್ಟಿನ ಗುಡಿ, ನಿಜವಾದ ಎತ್ತಿನ ಗಾಡಿ, ಕಟ್ಟೆಯ ಮೇಲೆ ಪೇಟ ಸುತ್ತಿಕೊಂಡು ಕೂತ ಪಟೇಲ. ಹುಡುಗಿಯರು ಬಾವಿಯಿಂದ ನೀರು ಸೇದಿದಂತೆ ಮಾಡಿ ಫೋಟೋ ಹಿಡಿಸಿಕೊಳ್ಳುತ್ತಿದ್ದರು. ಎಲ್ಲಾ ಬಹಳ ಚೆನ್ನಾಗಿತ್ತು. ಹಿಂದಿನ ದಿನ ಒಬ್ಬ ಮೇಷ್ಟರು ನಮ್ಮ ಹಾಸ್ಟೆಲ್ಲಿಗೆ ಬಂದಿದ್ದರು. "ನಿಮ್ಮಲ್ಲಿ ತಮಟೆ ಬಾರಿಸೋರು ಯಾರಾದರೂ ಇದ್ದೀರೇನ್ರಪ್ಪಾ?" ಕ್ಲಾಸಿನಲ್ಲಿ ನೂರು ಜನ ಇದ್ದರು, ಬೇರೆ ಯಾರನ್ನೂ ಅವರು ಕೇಳಲಿಲ್ಲ. ನಾಲ್ಕು ಹುಡುಗರು ಹೋದರು. ಉತ್ಸವದ ದಿನ ಅವರು ನಿಂತದ್ದು ಎಲ್ಲಿ ಅಂದುಕೊಂಡಿರಿ? ಆ ಹಳ್ಳಿಯ ಬಾಗಿಲಿನ ಹೊರಗೆ, ಕಮಾನಿನ ಪಕ್ಕ. ಅಲ್ಲೇ ನಿಲ್ಲಿ ಅಂತ ಯಾರೂ ಹೇಳಿರಲಿಲ್ಲ. ಕಾಲು ತಾನಾಗೇ ಅಲ್ಲಿ ನಿಂತುಕೊಂಡಿತು. ಅಷ್ಟು ಚೆನ್ನಾಗಿ ಪಾಠ ಆಗಿದೆ ನಮ್ಮ ಕಾಲಿಗೆ.

ನಮ್ಮ ಗೆಳೆಯನೊಬ್ಬ ಸುಮ್ಮನಿರಲಾರದೆ ಕೇಳಿಯೇಬಿಟ್ಟ. "ಸಾರ್, ಊರು ಭಾಳ ಚೆನ್ನಾಗೈತೆ. ನಮ್ಮ ಕೇರಿ ಎಲ್ಲಿ ಕಟ್ಟಿದ್ದೀರಾ?" ಮೇಷ್ಟರು ನಕ್ಕು, "ಹಬ್ಬದ ದಿನ ಯಾಕಪ್ಪಾ ಜಾತಿ ಮಾತು?" ಅಂದರು. ತಮಟೆ ಹುಡುಕಿಕೊಂಡು ಬಂದಾಗ ಜಾತಿ ಇರಲಿಲ್ಲವಂತೆ. ಕೇರಿ ಎಲ್ಲಿ ಅಂದ ಕೂಡಲೇ ಬಂತಂತೆ.

ಆ ರಟ್ಟಿನ ಹಳ್ಳಿ ಒಂದು ಕಾಲೇಜಿನದ್ದಲ್ಲ. ಕನ್ನಡದವರ ತಲೆಯಲ್ಲೇ ಅಂಥದ್ದೊಂದು ಕಟ್ಟಿ ನಿಂತಿದೆ. 1972ರಲ್ಲಿ 'ಬಂಗಾರದ ಮನುಷ್ಯ' ಬಂತು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಓದಿದ ಹುಡುಗರು ಪಟ್ಟಣ ಬಿಟ್ಟು ಬೇಸಾಯಕ್ಕೆ ವಾಪಸು ಹೋದರು ಅಂತ ಇವತ್ತಿಗೂ ಹಿರಿಯರು ಹೇಳ್ತಾರೆ. ರಾಜಕುಮಾರ್ ಮೇಲೆ ನಮಗೇನು ಸಿಟ್ಟಿಲ್ಲ. ನಮ್ಮ ಕೇರಿಯಲ್ಲಿ ಅವರ ಫೋಟೋ ಇಲ್ಲದ ಮನೆ ಕಡಿಮೆ. ಆದರೆ ವಾಪಸು ಹೋಗಬೇಕಾದರೆ ಹೋಗೋದಕ್ಕೆ ಏನಾದರೂ ಇರಬೇಕಲ್ಲ? ಹೋದವರು ಯಾರು? ಹಿಂದೆ ಜಮೀನು ಇದ್ದವರು. ಇನ್ನೊಂದು ಸಿನಿಮಾ ಬಂದದ್ದು 1975ರಲ್ಲಿ, ಕಾರಂತರ 1933ರ ಕಾದಂಬರಿಯಿಂದ ತೆಗೆದ 'ಚೋಮನ ದುಡಿ'. ಚೋಮನ ಹತ್ತಿರ ಎತ್ತು ಇತ್ತು, ದುಡಿ ಇತ್ತು, ರಟ್ಟೆಯಲ್ಲಿ ಬಲ ಇತ್ತು. ನೆಲ ಮಾತ್ರ ಇರಲಿಲ್ಲ. ಒಬ್ಬ ಪಟ್ಟಣದಿಂದ ಬಂದು ಬರಡು ನೆಲ ಹಸನು ಮಾಡಿ ಬಂಗಾರದ ಮನುಷ್ಯ ಆದ. ಇನ್ನೊಬ್ಬ ಹುಟ್ಟಿದ ಜಾಗ ಬಿಟ್ಟು ಹೋಗದೆ ಇದ್ದೂ ಒಂದು ಗುಂಟೆ ಸ್ವಂತಕ್ಕೆ ಉಳಲಾರದೆ ಸತ್ತ. ಎರಡೂ ಕನ್ನಡದ ಹಳ್ಳಿಗಳೇ. ಪದ್ಯ ಬರೆಯೋ ನಮ್ಮ ಗೆಳೆಯರಿಗೆ ನೆನಪಾಗೋದು ಮಾತ್ರ ಯಾವಾಗಲೂ ಮೊದಲನೆಯದು.

ನಮ್ಮವರು ಊರು ಬಿಟ್ಟದ್ದು ಯಾಕೆ ಅಂತ ಒಂದಿಷ್ಟು ನೋಡೋಣ. ಪಟ್ಟಣದ ಬಣ್ಣ ನೋಡಿ ಓಡಿ ಬಂದರು ಅನ್ನೋ ಮಾತು ಇದೆಯಲ್ಲ, ಅದನ್ನು ಹೇಳೋರನ್ನು ಕರೆದುಕೊಂಡು ಕೋಲಾರದ ಚಿನ್ನದ ಗಣಿಗೆ ಹೋಗಿ. 1880ರ ನಂತರ ಅಲ್ಲಿಗೆ ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಕೂಲಿಗಳಲ್ಲಿ ಬಹಳಷ್ಟು ಜನ ಅಸ್ಪೃಶ್ಯರು. ಚಾಂಪಿಯನ್ ರೀಫ್ ಗಣಿ ಭೂಮಿಯ ಒಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಕೆಳಗೆ ಕಾದ ಬಂಡೆ, ಕತ್ತಲೆ, ಯಾವಾಗ ಸಿಡಿಯುತ್ತೋ ಗೊತ್ತಿಲ್ಲದ ಕಲ್ಲು, ಶ್ವಾಸಕೋಶಕ್ಕೆ ಹೋಗುವ ಧೂಳು. ಅಂಥ ಕಡೆ ತಲೆಮಾರು ತಲೆಮಾರು ದುಡಿದರೇ ಹೊರತು ಹಿಂದಿನ ಹಳ್ಳಿಗೆ ಹೋಗಿ ಕೈಕಟ್ಟಿ ನಿಲ್ಲಲಿಲ್ಲ. ನೆಲದ ಮೇಲಿನ ಯಜಮಾನನಿಗಿಂತ ನೆಲದ ಒಳಗಿನ ಕತ್ತಲೆ ವಾಸಿ ಅಂತ ಅವರ ಲೆಕ್ಕ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲಾದರೂ "ಊರು ಕರೀತಾ ಇದೆ" ಅಂತ ಹೋದರಾ? ಇಲ್ಲ. ಬೆಳಗಿನ ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬಂದರು, ರಾತ್ರಿ ಗಣಿಯ ಲೈನುಮನೆಗೇ ವಾಪಸಾದರು. ಬೆಂಗಳೂರಿನ ಬೀದಿ ಗುಡಿಸುವ ನಮ್ಮ ತೆಲುಗು ಮಾತಾಡುವ ಅಕ್ಕಂದಿರ ಹಿರಿಯರು ಆಂಧ್ರದ ಮಾದಿಗರ ಹಟ್ಟಿಗಳಿಂದ ಬಂದವರು. ಅವರಿಗೂ ಯಾರಾದರೂ ಕೇಳಬೇಕು, ನಿಮ್ಮ ಹಳ್ಳಿಯ ತಂಗಾಳಿ ನೆನಪಾಗುತ್ತಾ ಅಂತ. ಪೊರಕೆ ಕೈಯಲ್ಲೇ ಇರುತ್ತೆ, ಕೇಳುವವರು ಸ್ವಲ್ಪ ದೂರ ನಿಂತು ಕೇಳೋದು ಒಳ್ಳೇದು.

ನಮ್ಮ ಸೀಮೆಯದು ಜೀತದ ಕತೆ. ಸಾಲಕ್ಕೆ ಮಗನನ್ನು ಬಿಟ್ಟು, ಆ ಮಗ ಮದುವೆಗೆ ಮತ್ತೆ ಸಾಲ ಮಾಡಿ, ಅವನ ಮಗ ಅದೇ ಕೊಟ್ಟಿಗೆಗೆ. 1976ರಲ್ಲಿ ಜೀತ ರದ್ದಾದ ಕಾನೂನು ಬಂತು. 1974ರಲ್ಲಿ ಉಳುವವನೇ ಭೂಮಿಯ ಒಡೆಯ ಅಂದರು. ಗೇಣಿಗೆ ಉಳುತ್ತಿದ್ದವನು ಒಡೆಯ ಆದ, ಸಂತೋಷ. ನಮ್ಮವರಲ್ಲಿ ಬಹುಪಾಲು ಜನ ಗೇಣಿದಾರರೂ ಆಗಿರಲಿಲ್ಲವಲ್ಲ! ಕೂಲಿ ಮಾಡುತ್ತಿದ್ದರು, ಜೀತ ಇದ್ದರು. ನೆಲ ಉಳುವುದು ನಾವು, ಕಾಗದದಲ್ಲಿ ಉಳುವವನು ಇನ್ನೊಬ್ಬ. ಹೀಗೆ ಜೀತ ಬಿಟ್ಟವನಿಗೆ ನೆಲ ಸಿಗದೆ ಇದ್ದಾಗ ಅವನು ಬಸ್ಸು ಹತ್ತಿದ. ಇದಕ್ಕೆ ಪುಸ್ತಕದವರು 'ವಲಸೆ' ಅಂತಾರೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು 'ಗುಳೆ' ಅಂತಾರೆ. ಗಂಟುಮೂಟೆ, ಮಕ್ಕಳು, ಕೋಳಿ ಸಮೇತ ಹೋಗೋದಕ್ಕೆ ಆ ಮಾತೇ ಸರಿ.

ಬಾಬಾಸಾಹೇಬರಿಗೆ ಹಳ್ಳಿಯ ಬಗ್ಗೆ ಭ್ರಮೆ ಇರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದೆ ಇಟ್ಟಾಗ, ಹಳ್ಳಿಯನ್ನು ಆಧಾರ ಮಾಡಿಕೊಳ್ಳಲಿಲ್ಲ ಅಂತ ದೂರಿದವರಿಗೆ ಅವರು ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟರು. ಹಳ್ಳಿ ಅಂದರೆ ಸಂಕುಚಿತತನದ, ಅಜ್ಞಾನದ, ಕೋಮು ಬುದ್ಧಿಯ ತಾಣ, ಅದಕ್ಕೇ ಹಳ್ಳಿಯ ಬದಲು ವ್ಯಕ್ತಿಯನ್ನು ಘಟಕವಾಗಿ ತಗೊಂಡದ್ದು ನನಗೆ ಸಂತೋಷ ಅನ್ನೋದು ಅವರ ಮಾತಿನ ಸಾರ. ಸಭೆಯಲ್ಲಿ ಗಾಂಧಿಯ ಅನುಯಾಯಿಗಳಿಗೆ ಉರಿ ಹತ್ತಿತು. ಅದೇ ತಿಂಗಳಲ್ಲಿ ಗ್ರಾಮ ಪಂಚಾಯಿತಿಯ ಕಲಮು ಸೇರಿಸಿದರು, ಅದೇ ಈಗಿನ 40ನೇ ವಿಧಿ. ಅದಕ್ಕೂ ಮುಂಚೆ, 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ನಮ್ಮವರಿಗೆ ಬೇರೆ ಹಳ್ಳಿಗಳೇ ಬೇಕು ಅನ್ನೋ ನಿರ್ಣಯ ಆಯಿತು. ಹಳ್ಳಿಯನ್ನು ಅಷ್ಟು ಬಯ್ದವರು ಹಳ್ಳಿಯ ಜನವನ್ನು ಕೈಬಿಡಲಿಲ್ಲ, ಅದನ್ನು ನೋಡಬೇಕು. ಊರಿನ ಹಂಗಿಲ್ಲದೆ ಬದುಕೋದಕ್ಕೆ ನೆಲ ಕೇಳಿದರು.

ಇದೆಲ್ಲಾ ಹಳೇ ಕತೆ, ಈಗ ಊರು ಬದಲಾಗಿದೆ ಅಂತ ಹಾಸ್ಟೆಲ್ಲಿನಲ್ಲೇ ಕೆಲವರು ಹೇಳ್ತಾರೆ. ಬದಲಾಗಿದೆ, ಇಲ್ಲ ಅಂದವರು ಯಾರು? 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನರನ್ನು ಮನೆಯೊಳಗೆ ಕೂಡಿ ಸುಟ್ಟರು, ಕೋರ್ಟಿನಲ್ಲಿ ಆರೋಪಿಗಳೆಲ್ಲಾ ಬಿಡುಗಡೆ ಆದರು. ಅದು ಹಳೇದು ಅನ್ನಿ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಒಬ್ಬ ಹುಡುಗ ದೇವರ ಕೋಲು ಮುಟ್ಟಿದ ಅಂತ ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಅದೇ ವರ್ಷ ನವೆಂಬರಿನಲ್ಲಿ ಚಾಮರಾಜನಗರದ ಹೆಗ್ಗೊಠಾರದಲ್ಲಿ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ಬಾವಿ ಹೋಗಿ ತೊಂಬೆ ಬಂದಿದೆ, ನಲ್ಲಿ ಬಂದಿದೆ. ಬದಲಾವಣೆ ಅಂದರೆ ಇದೇ ಇರಬೇಕು.

2020ರ ಮಾತು ಹೇಳಲೇಬೇಕು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಹೇಳಿ ಹನ್ನೆರಡಕ್ಕೆ ದೇಶದ ಬಾಗಿಲು ಹಾಕಿದರು. ಜನ ನಡೆದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಅದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಬರಹಗಾರರಿಗೆ ಕಣ್ಣಲ್ಲಿ ನೀರು ಬಂತು. ಮಣ್ಣಿನ ಸೆಳೆತ, ತಾಯಿಬೇರು, ಕೊನೆಗೆ ಮನುಷ್ಯನನ್ನು ಕಾಯೋದು ಹಳ್ಳಿಯೇ ಅಂತೆಲ್ಲಾ ಬರೆದರು. ಸ್ವಾಮಿ, ಮಣ್ಣು ಸೆಳೀಲಿಲ್ಲ, ಪಟ್ಟಣ ಒದ್ದು ಹೊರಗೆ ಹಾಕಿತು. ಕೂಲಿ ನಿಂತಿತ್ತು, ಶೆಡ್ಡಿನಲ್ಲಿ ಅಕ್ಕಿ ಮುಗಿದಿತ್ತು. ನಡೆದು ಹೋದವರಿಗೆ ಎಷ್ಟೋ ಹಳ್ಳಿಗಳಲ್ಲಿ ಸಿಕ್ಕಿದ್ದು ದಾರಿಗೆ ಅಡ್ಡ ಹಾಕಿದ ಮುಳ್ಳಿನ ಬೇಲಿ. ಇನ್ನು ಮೇ ಮೊದಲ ವಾರದಲ್ಲಿ, ಕಟ್ಟಡ ಕಟ್ಟಿಸುವ ದೊಡ್ಡವರ ಜೊತೆ ಮುಖ್ಯಮಂತ್ರಿಗಳ ಸಭೆ ಆದಮೇಲೆ, ಹೊರರಾಜ್ಯದ ಕೂಲಿಗಳನ್ನು ಊರಿಗೆ ಕಳಿಸುವ ರೈಲನ್ನೇ ಕರ್ನಾಟಕ ಸರ್ಕಾರ ಬೇಡ ಅಂದಿತು. ಗಲಾಟೆ ಆದಮೇಲೆ ಮತ್ತೆ ಒಪ್ಪಿಕೊಂಡರು. ಅನ್ನ ಕೊಡೋದಕ್ಕೆ ಯಾರಿಗೂ ಬೇಡದವರು ಕಲ್ಲು ಹೊರೋದಕ್ಕೆ ಮಾತ್ರ ಬೇಕಾಗಿದ್ದರು. ಕೆಲವೇ ತಿಂಗಳಿಗೆ ಅದೇ ಜನ ಅದೇ ಗಂಟು ಹೊತ್ತು ಪಟ್ಟಣಕ್ಕೆ ವಾಪಸು ಬಂದರು. ಆಗ ತಾಯಿಬೇರಿನ ಮೇಲೆ ಯಾರೂ ಬರೆಯಲಿಲ್ಲ.

ಹಾಗಾದರೆ ನಮಗೆ ಏನೂ ನೆನಪಾಗೋದಿಲ್ಲವಾ? ನಾವೇನು ಕಲ್ಲಾ? ರಾತ್ರಿ ಹಾಸ್ಟೆಲ್ಲಿನ ತಣ್ಣನೆ ಸಾರು ತಟ್ಟೆಗೆ ಬಿದ್ದಾಗ ಅವ್ವನ ಉಪ್ಪೆಸರು ನೆನಪಾಗುತ್ತೆ. ಗಳದ ಮೇಲೆ ಒಣಗಿಸಿದ ಬಾಡಿನ ವಾಸನೆ ನೆನಪಾಗುತ್ತೆ. ಆ ವಾಸನೆಯನ್ನೇ ಮುಚ್ಚಿಡೋದಕ್ಕೆ ನಾವು ಇಲ್ಲಿ ಎಷ್ಟು ಪೌಡರು ಬಳಿದುಕೊಳ್ತೀವಿ ಅನ್ನೋದು ಬೇರೆ ಮಾತು. ಸತ್ತವರ ಮನೆ ಮುಂದೆ ಬೆಳತನಕ ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಹೇಳುವ ನೀಲಗಾರರ ದನಿ ಕಿವಿಯಲ್ಲೇ ಇದೆ. ಒಬ್ಬರ ಮನೆಯಲ್ಲಿ ಒಲೆ ಹತ್ತಲಿಲ್ಲ ಅಂದರೆ ಪಕ್ಕದ ಮನೆಯಿಂದ ಹೇಳದೆ ಕೇಳದೆ ಅರ್ಧ ಮುದ್ದೆ ಬರುತ್ತಿತ್ತು. ಜಗಳ ಕೂಡ ನೆನಪಾಗುತ್ತೆ, ಕೇರಿಯ ಹೆಂಗಸರ ಬೈಗುಳಕ್ಕೆ ಸಮನಾದ ಕಾವ್ಯವನ್ನು ನನಗಂತೂ ಯಾವ ಪಠ್ಯಪುಸ್ತಕದಲ್ಲೂ ಮೇಷ್ಟರು ತೋರಿಸಲಿಲ್ಲ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರು ಜಾತ್ರೆಗೆ ಬೆಂಗಳೂರಿನಿಂದ, ಮೈಸೂರಿನಿಂದ ಬಸ್ಸು ಲಾರಿ ತುಂಬಿ ಜನ ಹೋಗ್ತಾರಲ್ಲ, ಸಿದ್ದಪ್ಪಾಜಿಯ ಬಯಲಲ್ಲಿ ಸಾಲಾಗಿ ಕೂತು ಪಂಕ್ತಿಸೇವೆಯಲ್ಲಿ ಉಣ್ಣೋದಕ್ಕೆ, ಆ ಸೆಳೆತ ನಿಜವಾದ್ದು. ಅಲ್ಲಿ ಪಟೇಲನ ಕಟ್ಟೆ ಇಲ್ಲ.

ಈ ನೆನಪೆಲ್ಲಾ ಕೇರಿಯದು. ಊರಿನದ್ದಲ್ಲ. ಇದನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ ಅಂತ ನಾನು ಹೇಳ್ತಾ ಇರೋದು. ಊರಿನ ಮೇಲೆ ಪದ್ಯ ಬರೆದರೆ ನಮ್ಮನ್ನು ಹೊರಗೆ ನಿಲ್ಲಿಸಿದ ಕಟ್ಟೆಗೆ ನಾವೇ ಸುಣ್ಣ ಬಳಿದ ಹಾಗೆ. ಕೇರಿಯ ಮೇಲೆ ಬರೆಯೋದಕ್ಕೆ ಮಾತ್ರ ನಾಚಿಕೆ. ದೇವನೂರ ಮಹಾದೇವರು ಕೇರಿಯ ಮಾತಿನಲ್ಲೇ 'ಒಡಲಾಳ' ಬರೆದು ಎಷ್ಟು ಕಾಲ ಆಯಿತು! ನಾವಿನ್ನೂ 'ಗೋಧೂಳಿ' ಅಂತ ಬರೀತಾ ಕೂತಿದ್ದೀವಿ.

ನಾಚಿಕೆ ಅಂದ ಮೇಲೆ ಇನ್ನೊಂದು ಜಾತಿಯ ನಮ್ಮವರಿದ್ದಾರೆ. ಕೆಲಸ ಸಿಕ್ಕ ಮರುದಿನವೇ ಅವರಿಗೆ ಊರೂ ಇಲ್ಲ, ಕೇರಿಯೂ ಇಲ್ಲ. "ಯಾವೂರು ನಿಮ್ಮದು?" ಅಂದರೆ "ಮೈಸೂರ್ ಕಡೆ" ಅಂತಾರೆ. "ಮೈಸೂರಲ್ಲಿ ಎಲ್ಲಿ?" ಅಂದರೆ ಕೆಮ್ಮು ಬರುತ್ತೆ. ಅವರನ್ನು ಬಯ್ಯೋದು ಸುಲಭ, ಅರ್ಧ ಬಯ್ಯೋಣ. ಯಾಕೆಂದರೆ ಪಟ್ಟಣದಲ್ಲಿ "ಯಾವೂರು" ಅಂದರೆ "ಯಾವ ಜಾತಿ" ಅಂತಲೇ ಅರ್ಥ. ಬಾಡಿಗೆ ಮನೆ ಬಾಗಿಲಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಬೋರ್ಡು ತೂಗುತ್ತೆ. ಅದು ಸೊಪ್ಪಿನ ಮಾತಲ್ಲ, ಕೇರಿಯ ಮಾತು. ಊರಿನಲ್ಲಿ ಬೇಲಿ ಕಣ್ಣಿಗೆ ಕಾಣುತ್ತೆ, ಇಲ್ಲಿ ಬೋರ್ಡಿಗೆ ಇಂಗ್ಲಿಷ್ ಹಾಕಿರ್ತಾರೆ. ಅಷ್ಟಾದರೂ ಬಸ್ಸಿನ ಸೀಟಲ್ಲಿ ಪಕ್ಕದವನು ಯಾರು ಅಂತ ಕೇಳದೆ ಕೂರುತ್ತಾನಲ್ಲ, ಆ ಅರ್ಧ ಗಂಟೆಗೆ ನಮ್ಮ ಅಪ್ಪಂದಿರು ಪ್ರಾಣ ಕೊಡ್ತಿದ್ದರು. ಆದರೆ ಹೀಗೆ ಅಡಗಿಕೊಂಡವನ ಅವ್ವ ಇನ್ನೂ ಬೆಳಿಗ್ಗೆ ಎದ್ದು ಊರೊಳಕ್ಕೆ ಹೋಗ್ತಾ ಇದ್ದಾಳೆ, ಅದನ್ನು ಮರೆತರೆ ಉಳಿದ ಅರ್ಧವನ್ನೂ ಬಯ್ಯಲೇಬೇಕಾಗುತ್ತೆ.

1929ರಲ್ಲಿ ಬಾಬಾಸಾಹೇಬರು ಚಾಳೀಸಗಾಂವಕ್ಕೆ ಹೋದ ಪ್ರಸಂಗವನ್ನು ಅವರೇ ಬರೆದಿದ್ದಾರೆ. ಬ್ಯಾರಿಸ್ಟರ್ ಆಗಿದ್ದರು ಆಗ. ಸ್ಟೇಷನ್ನಿನ ಟಾಂಗಾದವರು ಯಾರೂ ಅಸ್ಪೃಶ್ಯನನ್ನು ಕೂರಿಸಿಕೊಂಡು ಗಾಡಿ ಹೊಡೆಯೋದಕ್ಕೆ ಒಪ್ಪಲಿಲ್ಲ. ತಮ್ಮ ಮನುಷ್ಯ ನಡೆದುಕೊಂಡು ಬರೋದು ಕೇರಿಯವರಿಗೆ ಅವಮಾನ. ಅದಕ್ಕೆ ಟಾಂಗಾ ಮಾತ್ರ ಬಾಡಿಗೆಗೆ ತಂದು, ಓಡಿಸಿ ಗೊತ್ತಿಲ್ಲದ ತಮ್ಮವನೊಬ್ಬನನ್ನೇ ಕೂರಿಸಿದರು. ಗಾಡಿ ಮಗುಚಿತು, ಅವರ ಕಾಲು ಮುರಿಯಿತು. ಬ್ಯಾರಿಸ್ಟರಿಗಿಂತ ತಾನು ಮೇಲು ಅಂತ ಟಾಂಗಾದವನು ಅಂದುಕೊಳ್ಳುವ ದೇಶ ಇದು ಅಂತ ಅವರು ಹೇಳೋದು ಸರಿಯೇ. ನನಗೆ ಆ ಕೇರಿಯವರೂ ಕಾಡ್ತಾರೆ. ಓದಿ ಬಂದ ಮಗ ತಲೆ ಎತ್ತಿಕೊಂಡು ಬರಲಿ ಅಂತ ಅವರಿಗೆ ಎಷ್ಟು ಆಸೆ! ಗಾಡಿ ಹೊಡೆಯೋದಕ್ಕೆ ಬರದಿದ್ದರೂ ಹೊಡೆದರು. ನಮ್ಮ ಅಪ್ಪ ಅವ್ವ ಹಾಸ್ಟೆಲ್ ಬಾಗಿಲಿಗೆ ಬಂದಾಗ ರೂಮಿನವರಿಗೆ "ಊರಿನ ಕಡೆಯವರು" ಅಂತ ಪರಿಚಯ ಮಾಡಿಸೋ ಮಹನೀಯರು ಇದನ್ನು ಎರಡು ಸಲ ಓದಬೇಕು.

ಈಗ ಹಳ್ಳಿ ಪ್ರೇಮಕ್ಕೆ ಹೊಸ ರೂಪ ಬಂದಿದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಬೇಸಾಯಗಾರನಲ್ಲದವನು, ಬೇರೆ ಆದಾಯ ಮಿತಿ ಮೀರಿದವನು ಹೊಲ ಕೊಳ್ಳೋದಕ್ಕೆ ಇದ್ದ ತಡೆ ಹೋಯಿತು. ಹಳ್ಳಿ ನೆನಪಾದ ಹಣವಂತರು ತೋಟದ ಮನೆ ಕಟ್ಟಿಸಿಕೊಂಡು, ವಾರಕ್ಕೊಂದು ದಿನ ಮಣ್ಣು ಮುಟ್ಟಿ ಬರ್ತಾರೆ. ಅವರ ನೆನಪಿಗೆ ಸರ್ವೆ ನಂಬರ್ ಇದೆ, ತಂತಿ ಬೇಲಿ ಇದೆ, ಕಾವಲಿಗೆ ನಮ್ಮ ಮಾವನೋ ಚಿಕ್ಕಪ್ಪನೋ ಇದ್ದಾನೆ. ನಮ್ಮ ನೆನಪಿಗೆ ಏನಿದೆ? ಹೆಣ ಹೂಳೋದಕ್ಕೆ ಜಾಗ ಇಲ್ಲದ ಕೇರಿಗಳು ಇನ್ನೂ ಇವೆ.

ಅದಕ್ಕೇ ಹೇಳೋದು, ಈ ರಜೆಗೆ ಹೋದಾಗ ಅರಳಿಕಟ್ಟೆಯ ಕಡೆ ನೋಡಬೇಡಿ. ಅವ್ವನ ಟ್ರಂಕು ತೆಗೆಸಿ. ಎಷ್ಟೋ ಮನೆಗಳಲ್ಲಿ ತಾತನ ಹೆಸರಿಗೆ ಸರ್ಕಾರ ಕೊಟ್ಟ ಸಾಗುವಳಿ ಚೀಟಿ ತಳದಲ್ಲಿ ಮಡಿಸಿಟ್ಟು ಹಳದಿ ಆಗಿರುತ್ತೆ. ತೋಟಿ, ತಳವಾರಿಕೆ ಮಾಡಿದವರ ಇನಾಮ್ತಿ ಜಮೀನು 1961ರ ಕಾಯಿದೆ ಆದಮೇಲೆ ಅವರಿಗೇ ಮರುಮಂಜೂರು ಆಗಬೇಕಿತ್ತು, ಅದು ಆಯಿತೋ ಇಲ್ಲವೋ ಕೇಳಿ. ಮಂಜೂರಾದ ನೆಲ ಇಪ್ಪತ್ತು ಸೇರು ರಾಗಿಗೋ, ಮದುವೆ ಸಾಲಕ್ಕೋ ಯಾರ ಕೈಗೆ ಹೋಯಿತು ಅಂತ ಹಿರೀಕರನ್ನು ಕೂರಿಸಿಕೊಂಡು ಬರೆದುಕೊಳ್ಳಿ. 1978ರ ಪಿ.ಟಿ.ಸಿ.ಎಲ್. ಕಾಯಿದೆ ಅಂಥ ನೆಲವನ್ನು ವಾಪಸು ಕೊಡಿಸೋದಕ್ಕೇ ಇರೋದು. ಹೊತ್ತು ಮೀರಿತು ಅಂತ ಕೋರ್ಟುಗಳು ಅರ್ಜಿ ತಳ್ಳಿಹಾಕೋದು ಹೆಚ್ಚಾದಾಗ, ಕಾಲದ ಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿ ತಂದರು. ಅದರ ಮೇಲೂ ವಕೀಲರು ವಾದ ಮಾಡ್ತಾರೆ, ಮಾಡಲಿ. ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗೆ, ಎ.ಸಿ. ಅಂತೀವಲ್ಲ ಅವರಿಗೆ. ಅದಕ್ಕೆ ಮುಂಚೆ ಪಹಣಿ ತೆಗೆಸಿ ಈಗ ಯಾರ ಹೆಸರಿದೆ ನೋಡಿ. ಬಹಳಷ್ಟು ಕಡೆ ನೀವು ಪದ್ಯದಲ್ಲಿ ಕಟ್ಟೆಯ ಮೇಲೆ ಕೂರಿಸಿದ ಯಜಮಾನರ ಹೆಸರೇ ಸಿಗುತ್ತೆ.

ಚೀಟಿ ಸಿಕ್ಕರೆ ಎರಡು ಜೆರಾಕ್ಸ್ ಮಾಡಿಸಿ, ಒಂದನ್ನು ಹಾಸ್ಟೆಲ್ಲಿಗೆ ತನ್ನಿ, ಒಟ್ಟಿಗೆ ಕೂತು ಓದೋಣ. ಅಸಲು ಟ್ರಂಕಿನಲ್ಲೇ ಇರಲಿ. ವಿ.ಎ. ಬಂದು ಕೇಳಿದರೂ ಅವ್ವ ಅದನ್ನು ಕೈಗೆ ಕೊಡದ ಹಾಗೆ ಹೇಳಿಟ್ಟು ಬಸ್ಸು ಹತ್ತಿ.